ವರ್ಷ ತುಂಬಿದರೆ ಇಬ್ಬರೂ ಹೋಗಿರಿ

ಮೋಟೆಬೆನ್ನೂರು:

ರಾಜಕೀಯ ವಾರಪತ್ರಿಕೆಯಲ್ಲಿ ಮಕ್ಕಳಾಗದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕೂಲಿ, ಬೋನಸ್ಸು, ಪಡಿತರ, ಮೆಣಸಿನಕಾಯಿ ದರ ಇವು ಪಕ್ಷದ ಪತ್ರಿಕೆಗೆ ತಕ್ಕ ವಿಷಯಗಳು, ಗಂಡಹೆಂಡಿರ ಒಳಮನೆಯ ಸಂಗತಿ ಒಳಮನೆಯಲ್ಲೇ ಇರಲಿ ಎಂಬ ವಾದ ಹೊಸದೇನೂ ಅಲ್ಲ. ಬಯಲಿಗೆ ಹೋಗಲು ಕತ್ತಲಾಗುವವರೆಗೆ ಕಾಯಬೇಕಾದ ಹಳ್ಳಿಯ ಹೆಣ್ಣುಮಕ್ಕಳ ಸಂಕಟವನ್ನು ಡಾ. ರಾಮಮನೋಹರ ಲೋಹಿಯಾ ರಾಜಕೀಯದ ಪ್ರಶ್ನೆಯನ್ನಾಗಿ ಎತ್ತಿದರು. ಅವರು ಹೇಳಿದ ಏಳು ಕ್ರಾಂತಿಗಳಲ್ಲಿ ಗಂಡು-ಹೆಣ್ಣಿನ ಸಮಾನತೆಯೂ ಒಂದು. ಯಾವ ಸಂಕಟವು ಬಡವನ ಮನೆಯಲ್ಲಿ ಸಾಲವಾಗಿ, ಹೆಂಗಸಿನ ಪಾಲಿಗೆ ನಿಂದೆಯಾಗಿ, ಸಣ್ಣ ವ್ಯಾಪಾರಿಯ ಅಂಗಡಿಯ ಬಾಗಿಲಿಗೆ ಬೀಗವಾಗಿ ಕೊನೆಗಾಣುವುದೋ ಅದು ರಾಜಕೀಯದ ವಿಷಯವೇ ಸರಿ.

ಇದು ಎಲ್ಲೋ ಒಬ್ಬಿಬ್ಬರ ದುರದೃಷ್ಟವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ಆರು ಮಂದಿ ವಯಸ್ಕರಲ್ಲಿ ಒಬ್ಬರು ತಮ್ಮ ಬಾಳಿನ ಒಂದಲ್ಲ ಒಂದು ಕಾಲದಲ್ಲಿ ಈ ತೊಂದರೆಗೆ ಸಿಕ್ಕುತ್ತಾರೆ. ಶ್ರೀಮಂತ ದೇಶ, ಬಡ ದೇಶ ಎಂಬ ಭೇದ ಇದರಲ್ಲಿ ಹೆಚ್ಚೇನೂ ಇಲ್ಲ. ಭೇದವಿರುವುದು ಚಿಕಿತ್ಸೆ ಸಿಕ್ಕುವುದರಲ್ಲಿ.

ಹೇಳಬೇಕಾದುದನ್ನು ಮೊದಲೇ ಹೇಳಿಬಿಡುತ್ತೇವೆ. ಹೆಂಡತಿಯ ವಯಸ್ಸು 35ರೊಳಗಿದ್ದು, ಗಂಡಹೆಂಡಿರು ಕೂಡಿ ಬಾಳುತ್ತ, ಯಾವ ತಡೆಯನ್ನೂ ಬಳಸದೆ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಆಕೆಗೆ 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದ್ದರೆ ಕಾಯುವುದೇ ಬೇಡ. ಹೋಗುವಾಗ ಇಬ್ಬರೂ ಕೂಡಿಯೇ ಹೋಗಬೇಕು. ಇದು ಯಾವ ಆಸ್ಪತ್ರೆಯ ಜಾಹೀರಾತೂ ಅಲ್ಲ. ವೈದ್ಯಶಾಸ್ತ್ರವು ಎಲ್ಲೆಡೆ ಒಪ್ಪಿಕೊಂಡಿರುವ ಲೆಕ್ಕ. ನಮ್ಮ ಪಾರ್ಲಿಮೆಂಟು 2021ರಲ್ಲಿ ಮಾಡಿದ ಸಂತಾನ ನೆರವು ತಂತ್ರಜ್ಞಾನದ ಕಾಯಿದೆಯೂ ಬಂಜೆತನವೆಂದರೇನೆಂದು ಹೇಳುವಾಗ ಒಂದು ವರ್ಷದ ಅವಧಿಯನ್ನೇ ಇಟ್ಟುಕೊಂಡಿದೆ.

ಎರಡು ಬಗೆಯ ತಪ್ಪು

ನಮ್ಮ ಕಡೆ ಈ ಲೆಕ್ಕ ಎರಡು ಬಗೆಯಲ್ಲಿ ತಪ್ಪುತ್ತದೆ. ಮೊದಲನೆಯದು ಅವಸರ. ಹತ್ತೊಂಬತ್ತು-ಇಪ್ಪತ್ತರ ಹುಡುಗಿ ಮದುವೆಯಾಗಿ ಬಂದು ಮೂರು ತಿಂಗಳಾಗುವುದರೊಳಗೆ ಓಣಿಯ ಹೆಂಗಸರು "ಏನವ್ವಾ, ಏನರ ವಿಶೇಷ ಐತೇನು?" ಎಂದು ಕೇಳತೊಡಗುತ್ತಾರೆ. ಆರನೆಯ ತಿಂಗಳಿಗೆ ಅತ್ತೆಗೆ ಗಾಬರಿ. ವರ್ಷ ತುಂಬುವ ಮೊದಲೇ ಹುಡುಗಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿ, ಸ್ಕ್ಯಾನಿಂಗು, ಗುಳಿಗೆ, ಇಂಜೆಕ್ಷನ್ನು ಎಂದು ಹತ್ತಿಪ್ಪತ್ತು ಸಾವಿರ ಕಳೆಯುವುದುಂಟು.

ಲೆಕ್ಕ ನೋಡಿರಿ. ಆರೋಗ್ಯವಂತರಾದ ನೂರು ಜೋಡಿಗಳಲ್ಲಿ ಒಂದು ವರ್ಷದೊಳಗೆ ಸುಮಾರು 85 ಮಂದಿಗೆ ಗರ್ಭ ನಿಲ್ಲುತ್ತದೆ. ಎಲ್ಲವೂ ಸರಿಯಿದ್ದಾಗಲೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವ ನಾಲ್ಕೈದರಲ್ಲಿ ಒಂದು ಪಾಲು ಮಾತ್ರ. ಆದುದರಿಂದ ಮೂರು ತಿಂಗಳಲ್ಲಿ ಆಗಲಿಲ್ಲವೆಂದರೆ ದೋಷವಿದೆ ಎಂದು ಅರ್ಥವಲ್ಲ. ವರ್ಷದ ಕೊನೆಗೆ ಉಳಿದ ಹದಿನೈದು ಜೋಡಿಗಳಲ್ಲೂ ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ ತಾನಾಗಿಯೇ ಆಗುವುದುಂಟು. ಆದರೆ ಆ ಹದಿನೈದರಲ್ಲಿ ಯಾರಿಗೆ ತಾನಾಗಿ ಆಗುತ್ತದೆ, ಯಾರಿಗೆ ನೆರವು ಬೇಕು ಎಂಬುದನ್ನು ಪರೀಕ್ಷೆಯಿಂದಷ್ಟೇ ತಿಳಿಯಲು ಸಾಧ್ಯ. ವರ್ಷದ ಗಡುವಿನ ಮರ್ಮ ಇದು.

ಎರಡನೆಯ ತಪ್ಪು ವಿಳಂಬ. ಇದು ಹೆಚ್ಚಾಗಿ ದುಡಿಯುವವರ ಮನೆಗಳಲ್ಲಿ. ಮೊದಲ ವರ್ಷ ನಾಚಿಕೆ, ಎರಡನೆಯ ವರ್ಷ ಹರಕೆ, ಮೂರನೆಯ ವರ್ಷ ನಾಟಿ ಔಷಧ, ನಾಲ್ಕನೆಯ ವರ್ಷ ಮಳೆ ಹೋಯಿತು, ಐದನೆಯ ವರ್ಷ ಕೈಯಲ್ಲಿ ಕಾಸಿಲ್ಲ. ಹೀಗೆ ಹತ್ತು ವರ್ಷ ಕಳೆದು, ಹೆಂಗಸಿಗೆ ಮೂವತ್ತೇಳು-ಮೂವತ್ತೆಂಟಾದಾಗ ಯಾರೋ ಹೇಳಿದರೆಂದು ಹೊಲ ಅಡವಿಟ್ಟು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಓಡುವುದು. ಕದರಮಂಡಲಗಿಯ ಕಾಂತೇಶನಿಗೆ, ದೇವರಗುಡ್ಡದ ಮಾಲತೇಶನಿಗೆ ನಡೆದುಕೊಳ್ಳಬೇಡಿರೆಂದು ನಾವು ಹೇಳುತ್ತಿಲ್ಲ. ಹರಕೆಗೂ ಕ್ಯಾಲೆಂಡರಿಗೂ ಜಗಳವಿಲ್ಲ. ಆದರೆ ಹರಕೆ ಹೊತ್ತ ದಿನವೂ ಕ್ಯಾಲೆಂಡರಿನ ಹಾಳೆ ಹರಿಯುತ್ತಲೇ ಇರುತ್ತದೆ. ಹೆಣ್ಣು ಹುಟ್ಟುವಾಗಲೇ ತನ್ನ ಜೀವಮಾನದ ಅಂಡಗಳನ್ನೆಲ್ಲ ಹೊತ್ತು ಬರುತ್ತಾಳೆ, ಹೊಸದು ಹುಟ್ಟುವುದಿಲ್ಲ. ಮೂವತ್ತೈದರ ಆಚೆ ಅವುಗಳ ಸಂಖ್ಯೆಯೂ ಗುಣವೂ ಬೇಗ ಬೇಗ ಇಳಿಯುತ್ತವೆ. ಕಳೆದ ಕಾಸನ್ನು ಮತ್ತೆ ದುಡಿಯಬಹುದು. ಕಳೆದ ಈ ಕಾಲವನ್ನು ಯಾವ ಸಾಹುಕಾರನೂ ಕೊಂಡುಕೊಡಲಾರ.

ವರ್ಷವನ್ನು ಎಣಿಸುವುದರಲ್ಲೂ ಒಂದು ವಿವೇಕ ಬೇಕು. ನಮ್ಮ ತಾಲೂಕುಗಳಿಂದ ಎಷ್ಟೋ ಗಂಡಸರು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಹಬ್ಬಕ್ಕೊಮ್ಮೆ ಬರುತ್ತಾರೆ. ಮದುವೆಯಾಗಿ ಎರಡು ವರ್ಷವಾದರೂ ಕೂಡಿ ಬಾಳಿದ್ದು ಎರಡು ತಿಂಗಳಾದರೆ, ಅದು ಎರಡು ತಿಂಗಳ ಲೆಕ್ಕವೇ. ರಾತ್ರಿ ಪಾಳಿಯ ಗಂಡ, ಹಗಲು ಕೂಲಿಯ ಹೆಂಡತಿ ಇರುವ ಮನೆಗೂ ಈ ಮಾತು ಸಲ್ಲುತ್ತದೆ. ಹೊರಬಿದ್ದ ಅಂಡ ಒಂದು ದಿನ ಮಾತ್ರ ಬದುಕುತ್ತದೆ. ಗಂಡಿನ ಬೀಜ ಹೆಣ್ಣಿನ ಒಡಲಲ್ಲಿ ಐದು ದಿನದವರೆಗೂ ಇರಬಲ್ಲದು. ಅಂದರೆ ತಿಂಗಳಲ್ಲಿ ಫಲ ನಿಲ್ಲುವ ದಿನಗಳು ಸುಮಾರು ಆರು. 28 ದಿನಕ್ಕೆ ಮುಟ್ಟಾಗುವವರಲ್ಲಿ ಈ ದಿನಗಳು ಮುಟ್ಟಿನ ಮೊದಲ ದಿನದಿಂದ ಎಣಿಸಿ ಹತ್ತರಿಂದ ಹದಿನೈದರ ಆಸುಪಾಸು ಬೀಳುತ್ತವೆ. ಪಂಚಾಂಗ ನೋಡುವ ಗೋಜಿಲ್ಲದೆ ಎರಡು-ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು. ಊರಿಗೆ ಬರುವ ಗಂಡ ರಜೆಯನ್ನು ಈ ದಿನಗಳಿಗೆ ಹೊಂದಿಸಿಕೊಂಡರೆ ಎಷ್ಟೋ ಮನೆಗಳಲ್ಲಿ ವೈದ್ಯರ ಅಗತ್ಯವೇ ಬೀಳದು.

ಕಾಯಬಾರದವರು

ವರ್ಷದ ಗಡುವು ಎಲ್ಲರಿಗೂ ಅಲ್ಲ. ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ ಬರುವವರು ಅಥವಾ ನಿಂತೇ ಹೋದವರು, ಮುಟ್ಟಿನಲ್ಲಿ ತಡೆಯಲಾರದ ನೋವುಣ್ಣುವವರು, ಹಿಂದೆ ಗರ್ಭನಾಳದಲ್ಲಿ ಗರ್ಭ ಕಟ್ಟಿ ಶಸ್ತ್ರಕ್ರಿಯೆ ಆದವರು, ಎರಡು ಬಾರಿಗಿಂತ ಹೆಚ್ಚು ಗರ್ಭ ಇಳಿದುಹೋದವರು, ಕ್ಷಯರೋಗ ಬಂದುಹೋದವರು ಮದುವೆಯಾದ ಕೆಲವೇ ತಿಂಗಳಲ್ಲಿ ವೈದ್ಯರನ್ನು ಕೇಳುವುದು ಲೇಸು. ಕ್ಷಯವೆಂದರೆ ಕೆಮ್ಮು ಎಂದಷ್ಟೇ ನಮ್ಮ ಜನ ತಿಳಿದಿದ್ದಾರೆ. ಅದು ಕೆಮ್ಮಿಲ್ಲದೆಯೇ ಗರ್ಭನಾಳವನ್ನು ಹೊಕ್ಕು ಮುಚ್ಚಿಬಿಡಬಲ್ಲದು. ನಮ್ಮ ದೇಶದಲ್ಲಿ ಹೆಂಗಸರ ಬಂಜೆತನಕ್ಕೆ ಇದೂ ಒಂದು ಕಾರಣ. ಕ್ಷಯದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬೇಗ ಗೊತ್ತಾದರೆ ನಾಳ ಉಳಿದೀತು, ತಡವಾದರೆ ರೋಗ ವಾಸಿಯಾದರೂ ನಾಳ ತೆರೆಯದು.

ಗಂಡಸರಲ್ಲೂ ಕಾಯಬಾರದವರಿದ್ದಾರೆ. ಹರೆಯದಲ್ಲಿ ಮಂಗನಬಾವು ಬಂದು ವೃಷಣ ಬಾತವರು, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಇದ್ದವರು, ಆ ಭಾಗಕ್ಕೆ ಪೆಟ್ಟು ಬಿದ್ದವರು, ಶಸ್ತ್ರಕ್ರಿಯೆಯಾದವರು, ಕೂಡುವುದರಲ್ಲೇ ತೊಂದರೆ ಇರುವವರು ಮೊದಲೇ ಹೋಗಬೇಕು.

ಗಂಡಸಿನ ಪಾಲು

ಇಲ್ಲಿಗೆ ಮುಖ್ಯ ಮಾತಿಗೆ ಬಂದೆವು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಕೆಲವರಲ್ಲಿ ಅದೊಂದೇ, ಕೆಲವರಲ್ಲಿ ಹೆಣ್ಣಿನ ಕಾರಣದೊಡನೆ ಬೆರೆತು. ಆದರೂ ಬಂಜೆ ಎಂಬ ಬೈಗುಳ ಮನೆಮನೆಯಲ್ಲೂ ಹೆಂಗಸಿಗೆ ಮೀಸಲು. ಗಂಡಸಿಗೆ ಅಂಥ ಬೈಗುಳವನ್ನು ಓಣಿ ಬಳಸುವುದೇ ಇಲ್ಲ. ಇದೇ ಅನ್ಯಾಯದ ಬೇರು. ಹೆಂಗಸಿನ ಪರೀಕ್ಷೆಗಳು ಹಲವು, ನೋವಿನವು, ದುಬಾರಿ. ಗಂಡಸಿನ ಮೊದಲ ಪರೀಕ್ಷೆ ಒಂದೇ, ನೋವಿಲ್ಲದ್ದು, ಕೆಲವೇ ನೂರು ರೂಪಾಯಿಯದು. ಎರಡರಿಂದ ಏಳು ದಿನ ಸಂಯಮವಿದ್ದು ವೀರ್ಯ ಕೊಟ್ಟರೆ ಸಂಜೆಗೆ ಫಲಿತಾಂಶ. ಆದರೂ ಹೆಂಡತಿಗೆ ಮೂರು ವರ್ಷ ಗುಳಿಗೆ ನುಂಗಿಸಿದ ಮೇಲೂ ಈ ಒಂದು ಪರೀಕ್ಷೆಗೆ ಗಂಡಸು ಒಪ್ಪುವುದಿಲ್ಲವೆಂದರೆ, ಅದನ್ನು ಮಾನವೆನ್ನಬೇಕೋ ಅಂಜುಬುರುಕುತನವೆನ್ನಬೇಕೋ? ದಂಡಿಯಾತ್ರೆಯಲ್ಲಿ 1930ರಲ್ಲಿ ಗಾಂಧೀಜಿಯವರೊಡನೆ ನಡೆದ ಮೈಲಾರ ಮಹಾದೇವಪ್ಪನವರನ್ನು ಹೆತ್ತ ಊರು ನಮ್ಮದೆಂದು ಎದೆಯುಬ್ಬಿಸುವ ಗಂಡಸರು ಒಂದು ಪುಟ್ಟ ಸೀಸೆಗೆ ಹೆದರಬಾರದು.

ಪರೀಕ್ಷೆಯ ಫಲವನ್ನು ತಿಳಿಯುವುದರಲ್ಲೂ ತಾಳ್ಮೆ ಬೇಕು. ಒಂದು ಮಿಲಿಲೀಟರಿಗೆ ಒಂದು ಕೋಟಿ ಅರವತ್ತು ಲಕ್ಷ ಬೀಜಾಣುಗಳು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳ ಅಳತೆ. ಅದಕ್ಕಿಂತ ಕಡಿಮೆಯಿದ್ದರೆ ಎಲ್ಲವೂ ಮುಗಿಯಿತೆಂದಲ್ಲ. ಬೀಜಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಎರಡು ತಿಂಗಳ ಹಿಂದೆ ಬಂದ ಜೋರು ಜ್ವರವೂ ಇಂದಿನ ಲೆಕ್ಕವನ್ನು ಇಳಿಸೀತು. ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಬೀಡಿ, ಗುಟಕಾ, ಸೆರೆ ಬಿಡಬೇಕು. ಬಾಯ್ಲರು, ಭಟ್ಟಿಗಳ ಮುಂದೆ ದಿನವಿಡೀ ನಿಲ್ಲುವವರು ತಮ್ಮ ಕೆಲಸವೇನೆಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು; ವೃಷಣಕ್ಕೆ ಬಿಸಿ ಆಗದು.

ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎನ್ನುವ ಕಾರ್ಮಿಕ ಬಂಧುಗಳು ಒಂದು ಚರಿತ್ರೆಯನ್ನು ತಿಳಿಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರೊಪ್ ಎಂಬಲ್ಲಿ ಬೆಳೆಗಳ ಬೇರಿಗೆ ಬೀಳುವ ಹುಳುಗಳನ್ನು ಕೊಲ್ಲುವ ಡಿ.ಬಿ.ಸಿ.ಪಿ. ಎಂಬ ವಿಷವನ್ನು ತಯಾರಿಸುವ ಕಾರ್ಖಾನೆ ಇತ್ತು. ಅಲ್ಲಿನ ಗಂಡಸರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವಾಗ ಆ ವಿಭಾಗದವರಿಗೆ ಮಕ್ಕಳಾಗುತ್ತಿಲ್ಲ ಎಂಬುದು ಹೊಳೆಯಿತು. ನಾಚಿ ಸುಮ್ಮನಾಗಲಿಲ್ಲ. ಸಂಘದ ಮೂಲಕ 1977ರಲ್ಲಿ ವೀರ್ಯ ಪರೀಕ್ಷೆ ಮಾಡಿಸಿಕೊಂಡರು. ಹಲವರಲ್ಲಿ ಬೀಜಾಣುಗಳೇ ಇರಲಿಲ್ಲ, ಇನ್ನು ಹಲವರಲ್ಲಿ ತೀರ ಕಡಿಮೆ. ಆ ವಿಷ ಇಲಿಗಳ ವೃಷಣವನ್ನು ಕುಗ್ಗಿಸುತ್ತದೆಂಬ ಸಂಗತಿ 1961ರಲ್ಲೇ ಅಚ್ಚಾಗಿತ್ತು, ಕಾರ್ಮಿಕರಿಗೆ ಹೇಳಿದವರಿರಲಿಲ್ಲ. 1979ರ ಹೊತ್ತಿಗೆ ಅಮೆರಿಕದಲ್ಲಿ ಅದರ ಬಹುಪಾಲು ಬಳಕೆ ನಿಂತಿತು. ಮಧ್ಯ ಅಮೆರಿಕದ ಬಾಳೆತೋಟಗಳಲ್ಲಿ ಅದೇ ವಿಷವನ್ನು ಬಳಸಿದ ಕೂಲಿಗಳು ಸಾವಿರಾರು ಸಂಖ್ಯೆಯಲ್ಲಿ ಸಂತಾನಶಕ್ತಿ ಕಳೆದುಕೊಂಡು ವರ್ಷಗಟ್ಟಲೆ ಕೋರ್ಟು ಅಲೆದರು. ಗಂಡಸರು ಬಾಯಿಬಿಟ್ಟು ಮಾತಾಡಿದ್ದರಿಂದಲೇ ಸತ್ಯ ಹೊರಬಿತ್ತು. ಅವರೆಲ್ಲ ತಮ್ಮ ಹೆಂಡಿರನ್ನು ಬಂಜೆಯರೆಂದು ಬೈಯುತ್ತ ಕುಳಿತಿದ್ದರೆ ಕಂಪನಿಗೆ ಅದಕ್ಕಿಂತ ಅನುಕೂಲ ಬೇರೆ ಯಾವುದಿತ್ತು? ಹತ್ತಿಗೆ, ಮೆಣಸಿನ ಗಿಡಕ್ಕೆ ಬಾಯಿಗೆ ಬಟ್ಟೆಯೂ ಇಲ್ಲದೆ ಔಷಧಿ ಹೊಡೆಯುವ ನಮ್ಮ ಕೂಲಿಗಳು ಇದನ್ನು ನೆನಪಿಡಬೇಕು.

ಇನ್ನು ಎರಡನೆಯ ಮದುವೆಯ ಮಾತು. ಮಕ್ಕಳಾಗಲಿಲ್ಲವೆಂದು ಮತ್ತೊಬ್ಬಳನ್ನು ತರುವ ಯೋಚನೆ ಈಗಲೂ ಕೆಲವು ಮನೆಗಳಲ್ಲಿ ತಲೆಯೆತ್ತುತ್ತದೆ. ಈ ಸೀಮೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿ 1946ರಲ್ಲೇ ಹಿಂದೂಗಳ ದ್ವಿಪತ್ನಿತ್ವವನ್ನು ತಡೆಯುವ ಕಾನೂನು ಬಂದಿತ್ತು. ಗಂಡು ಮಗನಿಲ್ಲದಿದ್ದರೆ ಸದ್ಗತಿಯಿಲ್ಲ, ಆದುದರಿಂದ ಮತ್ತೊಂದು ಮದುವೆ ನಮ್ಮ ಧರ್ಮದ ಹಕ್ಕು ಎಂಬ ವಾದ 1951ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಬಂದಿತು. ನ್ಯಾಯಮೂರ್ತಿ ಛಾಗಲಾ ಮತ್ತು ಗಜೇಂದ್ರಗಡಕರ ಅವರ ಪೀಠ ಅದನ್ನು ತಳ್ಳಿಹಾಕಿತು. ಮಗ ಬೇಕೆನ್ನುವ ಧರ್ಮವೇ ದತ್ತು ತೆಗೆದುಕೊಳ್ಳುವ ದಾರಿಯನ್ನೂ ತೋರಿಸಿದೆ, ಒಬ್ಬಳೇ ಹೆಂಡತಿಯಿದ್ದೂ ವಂಶ ನಡೆಯಬಹುದು ಎಂದಿತು. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಮೊದಲ ಹೆಂಡತಿಯಿರುವಾಗ ಆದ ಎರಡನೆಯ ಮದುವೆ ಮದುವೆಯೇ ಅಲ್ಲ. ಕಾನೂನು ಬದಿಗಿರಲಿ, ದೋಷ ಗಂಡಸಿನಲ್ಲಿದ್ದರೆ ಮೂರನೆಯವಳು ಬಂದರೂ ತೊಟ್ಟಿಲು ತೂಗದು.

ಯಾವ ಪರೀಕ್ಷೆ, ಯಾವ ಕ್ರಮ

ಮೊದಲೇ ಹುಬ್ಬಳ್ಳಿ-ದಾವಣಗೆರೆಯ ದೊಡ್ಡ ಬೋರ್ಡಿನ ಆಸ್ಪತ್ರೆಗೆ ಓಡಬೇಕಿಲ್ಲ. ಮೊದಲ ಹೆಜ್ಜೆ ತಾಲೂಕು ಇಲ್ಲವೆ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರು. ಗಂಡಸಿಗೆ ವೀರ್ಯ ಪರೀಕ್ಷೆ. ಹೆಂಗಸಿಗೆ ರಕ್ತ, ಥೈರಾಯ್ಡು, ಅಗತ್ಯವಿದ್ದರೆ ಇತರ ಹಾರ್ಮೋನುಗಳ ಪರೀಕ್ಷೆ, ಒಂದು ಸ್ಕ್ಯಾನು. ಆಮೇಲೆ ಗರ್ಭನಾಳ ತೆರೆದಿದೆಯೇ ಎಂದು ನೋಡುವ ಬಣ್ಣದ ಎಕ್ಸ್‌ರೇ. ಇಷ್ಟರಲ್ಲಿ ಬಹುಪಾಲು ಮನೆಗಳ ಕಾರಣ ಹೊರಬೀಳುತ್ತದೆ. ಥೈರಾಯ್ಡಿನ ಕೊರತೆಗೆ ಅಗ್ಗದ ಗುಳಿಗೆ ಇದೆ. ಅಂಡ ಹೊರಬೀಳದಿದ್ದರೆ ಅದಕ್ಕೂ ಗುಳಿಗೆ ಇದೆ. ಮೈ ಭಾರವಿರುವವರು ತೂಕವನ್ನು ಸ್ವಲ್ಪ ಇಳಿಸಿದರೂ ಮುಟ್ಟು ಸರಿಹೋಗುವುದುಂಟು. ಗರ್ಭಕ್ಕೆ ಹೊರಟ ಪ್ರತಿ ಹೆಂಗಸೂ ಮೊದಲಿನಿಂದಲೇ ಫೋಲಿಕ್ ಆಮ್ಲದ ಗುಳಿಗೆ ತೆಗೆದುಕೊಳ್ಳುವುದು ಒಳ್ಳೆಯದು. ಹುಟ್ಟುವ ಮಗುವಿನ ಬೆನ್ನುಹುರಿಗೆ ಅದು ಕಾವಲು.

ಮಾಡಬಾರದ್ದೂ ಇದೆ. ಗಂಡನ ಪರೀಕ್ಷೆಯಾಗದೆ ಹೆಂಡತಿಗೆ ಚಿಕಿತ್ಸೆ ಬೇಡ. ಸ್ಕ್ಯಾನು, ತಪಾಸಣೆ ಇಲ್ಲದೆ ಔಷಧದ ಅಂಗಡಿಯಿಂದ ತಿಂಗಳಾನುಗಟ್ಟಲೆ ಅಂಡದ ಗುಳಿಗೆ ನುಂಗುವುದು ಬೇಡ. ಗರ್ಭಚೀಲ ತೊಳೆಸಿದರೆ ಮಕ್ಕಳಾಗುತ್ತವೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ಬಂಜೆತನಕ್ಕೆ ಮದ್ದಲ್ಲ, ಬದಲಿಗೆ ಗರ್ಭಚೀಲದ ಒಳಪದರಕ್ಕೆ ಗಾಯವಾಗುವ ಅಪಾಯವಿದೆ. ಹೆಂಗಸಿನ ಒಡಲ ಮೇಲೆ ಕತ್ತರಿ ಹಾಕುವ ಮೊದಲು ಏಕೆಂದು ಕೇಳುವ ಹಕ್ಕು ಅವಳಿಗಿದೆ. ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದೆಯೇ ಗರ್ಭಕೋಶ ತೆಗೆಯಲಾಯಿತೆಂದು ತಾಂಡಾಗಳ ಹೆಣ್ಣುಮಕ್ಕಳು ದೂರಿ, ಪರಿಹಾರಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದ್ದನ್ನು ಈ ಜಿಲ್ಲೆ ಕಂಡಿದೆ. ಆ ಹೋರಾಟದ ಪಾಠ ಇದೇ: ಚೀಟಿಯಲ್ಲಿ ಬರೆದುದನ್ನು ಓದಿಸಿಕೊಳ್ಳಿರಿ, ಇನ್ನೊಬ್ಬ ವೈದ್ಯರನ್ನೂ ಕೇಳಿರಿ.

ಗಿರಣಿ ಊರಿನ ಕೂಸು

ಪ್ರನಾಳ ಶಿಶು, ಐ.ವಿ.ಎಫ್. ಎಂಬ ಮಾತು ಇಂದು ಹೆದ್ದಾರಿಯ ಬೋರ್ಡುಗಳ ಮೇಲೆಲ್ಲ ಇದೆ. ಅದು ಸಿರಿವಂತರ ವಿದ್ಯೆಯೆಂದು ನಮ್ಮವರು ತಿಳಿದಿದ್ದಾರೆ. ಚರಿತ್ರೆ ಬೇರೆಯೇ ಹೇಳುತ್ತದೆ. ಜಗತ್ತಿನ ಮೊದಲ ಪ್ರನಾಳ ಶಿಶು 1978ರ ಜುಲೈ 25ರಂದು ಹುಟ್ಟಿದ್ದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಎಂಬ ಹತ್ತಿ ಗಿರಣಿಗಳ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಮಗುವಿನ ತಂದೆ ರೈಲ್ವೆಯ ನೌಕರ. ತಾಯಿಯ ಗರ್ಭನಾಳಗಳು ಮುಚ್ಚಿದ್ದು ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ಈ ವಿದ್ಯೆಯನ್ನು ಸಾಧಿಸಿದ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಬ್ಯಾಟ್ಲಿ ಎಂಬ ಗಿರಣಿ ಊರಿನಲ್ಲಿ ಹುಟ್ಟಿದವರು. ಅವರ ತಾಯಿ ಗಿರಣಿಯಲ್ಲಿ ದುಡಿದವರು. ಅವರು ಕೇಂಬ್ರಿಜ್ ನಗರಸಭೆಯಲ್ಲಿ ಲೇಬರ್ ಪಕ್ಷದ ಸದಸ್ಯರೂ ಆಗಿದ್ದರು. 1971ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅವರಿಗೆ ಹಣ ನಿರಾಕರಿಸಿತು. 2010ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅದೇ 1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ನಮ್ಮ ದೇಶದ ಮೊದಲ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದರು. ಸರ್ಕಾರಿ ಸಮಿತಿ ಅವರನ್ನು ನಂಬಲಿಲ್ಲ, ಅಧಿಕಾರಿಗಳು ಕಾಡಿದರು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ದುಡಿಯುವವರ ಮಕ್ಕಳು ಕಂಡುಕೊಂಡ ವಿದ್ಯೆ, ದುಡಿಯುವವರ ಮನೆಯಲ್ಲಿ ಮೊದಲು ಫಲ ಕೊಟ್ಟ ವಿದ್ಯೆ, ಇಂದು ಬಂಡವಾಳಗಾರರ ಕೈಯಲ್ಲಿ ಕಂತಿನ ವ್ಯಾಪಾರವಾಗಿದೆ.

ಒಂದು ಸುತ್ತಿಗೆ ಒಂದೂವರೆ-ಎರಡು ಲಕ್ಷ ರೂಪಾಯಿ ಎಂಬುದು ಖಾಸಗಿ ಆಸ್ಪತ್ರೆಗಳ ಸಾಮಾನ್ಯ ದರ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ ಹೆಣ್ಣುಮಗಳು ಅಷ್ಟನ್ನು ಕೂಡಿಡಲು ಎಷ್ಟು ವರ್ಷ ಕೂರಬೇಕು? ಮೂವತ್ತೈದರೊಳಗಿನ ಹೆಂಗಸರಲ್ಲೂ ಒಂದು ಸುತ್ತು ಫಲಿಸುವುದು ಮೂವರಲ್ಲಿ ಒಬ್ಬರಿಗೆ ಎಂಬಷ್ಟು. ನಲವತ್ತು ದಾಟಿದ ಮೇ‌ಲೆ ತನ್ನದೇ ಅಂಡದಿಂದ ಫಲಿಸುವುದು ಹತ್ತರಲ್ಲಿ ಒಬ್ಬರಿಗೂ ಕಷ್ಟ. "ಗ್ಯಾರಂಟಿ" ಎಂದು ಯಾರಾದರೂ ಹೇಳಿದರೆ ಆ ಮೆಟ್ಟಿಲಿಂದಲೇ ಹಿಂದಿರುಗಿರಿ. 2021ರ ಕಾಯಿದೆಯ ಪ್ರಕಾರ ಇಂಥ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು. ಫಲಿಸುವ ಸಂಭವವೆಷ್ಟು, ಖರ್ಚೆಷ್ಟು, ಅಪಾಯವೇನು ಎಂಬುದನ್ನು ಮೊದಲೇ ತಿಳಿಸಬೇಕು. ದೂರು ಕೇಳುವ ಘಟಕ ಇರಬೇಕು. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ. ಗಂಡು ಕೂಸನ್ನೇ ಆರಿಸಿಕೊಡುತ್ತೇವೆಂದರೆ ಅದು ಜೈಲಿನ ಅಪರಾಧ. ಸಣ್ಣ ವ್ಯಾಪಾರಿ ಬಂಧುಗಳಿಗೆ ಒಂದು ಮಾತು: ಎಷ್ಟು ಸುತ್ತು, ಎಷ್ಟು ಹಣ ಎಂಬ ಗೆರೆಯನ್ನು ಮೊದಲ ದಿನವೇ ಗಂಡಹೆಂಡಿರು ಕೂತು ಎಳೆದುಕೊಳ್ಳಿರಿ. ಮಳಿಗೆ ಮಾರಿದ ಮೇಲೆ ಗೆರೆ ಎಳೆಯುವುದು ಆಗದು.

ಸರ್ಕಾರ ಎಲ್ಲಿದೆ?

ಸರ್ಕಾರ ಬಡವನ ಮಲಗುವ ಕೋಣೆಗೆ ಬಂದೇ ಇಲ್ಲ ಎನ್ನುವಂತಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆಯಿತು. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ಸರ್ಕಾರಿ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಕ್ರಿಯೆ ನಡೆಯಿತು, ಬಲವಂತವಾಗಿಯೂ. ಇಂದಿಗೂ ಮಕ್ಕಳು ಬೇಡವೆನ್ನುವವರಿಗೆ ಶಸ್ತ್ರಕ್ರಿಯೆ ಉಚಿತ, ಮೇಲೆ ಕೈಗಿಷ್ಟು ಹಣ. ಅದು ಇರಲಿ, ಬೇಕಾದುದೇ. ಆದರೆ ಮಗು ಬೇಕೆನ್ನುವ ಬಡವನಿಗೆ? 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆ ತನ್ನಲ್ಲಿ ಸೇರದ ಚಿಕಿತ್ಸೆಗಳ ಪಟ್ಟಿಯಲ್ಲಿ ಸೌಂದರ್ಯದ ಶಸ್ತ್ರಕ್ರಿಯೆಯ ಜೊತೆಗೆ ಸಂತಾನದ ಚಿಕಿತ್ಸೆಯನ್ನೂ ಇಟ್ಟಿತು. ಸಿರಿವಂತರ ಮೂಗು ತಿದ್ದುವುದೂ ಕೂಲಿಯವಳ ಮಡಿಲು ತುಂಬುವುದೂ ಸರ್ಕಾರದ ಕಣ್ಣಿಗೆ ಒಂದೇ ಬಗೆಯ ಶೋಕಿ! ಸರ್ಕಾರದ ಲೆಕ್ಕದಲ್ಲಿ ಬಡವರಿಗೆ ಮಕ್ಕಳು ಹೆಚ್ಚಾಗುವುದೊಂದೇ ಸಮಸ್ಯೆ, ಆಗದಿರುವುದು ಸಮಸ್ಯೆಯಲ್ಲ.

ಆಗುವುದಿಲ್ಲವೆಂದು ಹೇಳುವವರು ನೆರೆಯ ಗೋವೆಯನ್ನು ನೋಡಲಿ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ 2023ರಲ್ಲಿ ಐ.ವಿ.ಎಫ್. ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಆರಂಭಿಸಿತು. ಹುಬ್ಬಳ್ಳಿಯಲ್ಲಿ 1957ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಈಗ ಹಾವೇರಿಯಲ್ಲೂ ಒಂದಿದೆ. ನಮ್ಮ ಬೇಡಿಕೆಗಳು ಇವು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಗಂಡಹೆಂಡಿರಿಬ್ಬರನ್ನೂ ಕೂಡಿ ನೋಡುವ ವಿಭಾಗ ಇರಲಿ; ವೀರ್ಯ ಪರೀಕ್ಷೆ, ಹಾರ್ಮೋನು ಪರೀಕ್ಷೆ ಅಲ್ಲೇ ಉಚಿತವಾಗಲಿ. ಗರ್ಭನಾಳದ ಪರೀಕ್ಷೆ ಮತ್ತು ಗರ್ಭಚೀಲಕ್ಕೆ ವೀರ್ಯ ಸೇರಿಸುವ ಸರಳ ಚಿಕಿತ್ಸೆ ಹಾವೇರಿಯಲ್ಲಿ, ಐ.ವಿ.ಎಫ್. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಡವರ ಕೈಗೆಟಕುವಂತಾಗಲಿ. ಆರೋಗ್ಯ ಯೋಜನೆಯ ಪಟ್ಟಿಯಿಂದ ಆ ಒಂದು ಸಾಲು ಅಳಿಯಲಿ. ಗಿರಣಿ, ಅಂಗಡಿಗಳಲ್ಲಿ ಪರೀಕ್ಷೆಯ ದಿನ ಇಬ್ಬರಿಗೂ ಸಂಬಳದ ರಜೆ ಸಿಗಲಿ. ಕಾರ್ಮಿಕ ಸಂಘಗಳು ಈ ಬೇಡಿಕೆಯನ್ನು ನಾಚದೆ ತಮ್ಮ ಪಟ್ಟಿಗೆ ಸೇರಿಸಲಿ.

ಕೊನೆಯದಾಗಿ, ಪರೀಕ್ಷೆ ಮಾಡಿಸಿದವರಿಗೆಲ್ಲ ಮಗು ಆಗಿಯೇ ತೀರುತ್ತದೆಂದು ನಾವು ಹೇಳಿಲ್ಲ, ಹೇಳಲಾರೆವು. ಕೆಲವರಿಗೆ ಯಾವ ಕಾರಣವೂ ಸಿಗದು, ಕೆಲವರಿಗೆ ಯಾವ ಚಿಕಿತ್ಸೆಯೂ ಫಲಿಸದು. ಅಂಥವರಿಗೆ ಸರ್ಕಾರದ ದತ್ತು ಸಂಸ್ಥೆಯ ಮೂಲಕ ಕಾನೂನುಬದ್ಧವಾಗಿ ದತ್ತು ತೆಗೆದುಕೊಳ್ಳುವ ದಾರಿಯಿದೆ; ದಲ್ಲಾಳಿಗಳ ದಾರಿ ಬೇಡ. ಮಕ್ಕಳಿಲ್ಲದೆಯೂ ತುಂಬಿ ಬಾಳಿದವರು ನಮ್ಮ ನಾಡಿನಲ್ಲಿದ್ದಾರೆ. ಮಾಗಡಿ ತಾಲೂಕಿನ ಹುಲಿಕಲ್ಲಿನ ಕೂಲಿಕಾರ ದಂಪತಿ ಚಿಕ್ಕಯ್ಯ-ತಿಮ್ಮಕ್ಕ ಮಕ್ಕಳಿಲ್ಲದ ಕೊರಗನ್ನು ಹೊತ್ತು ರಸ್ತೆಯ ಬದಿಗೆ ಆಲದ ಸಾಲು ನೆಟ್ಟು ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 2025ರ ನವೆಂಬರಿನಲ್ಲಿ ತಿಮ್ಮಕ್ಕ ಕಣ್ಮುಚ್ಚಿದಾಗ ನಾಡೇ ತಲೆಬಾಗಿತು. ಅವರನ್ನು ಬಂಜೆಯೆಂದು ಇಂದು ಯಾರು ಕರೆದಾರು?

ಆದರೆ ಒಪ್ಪಿಕೊಂಡು ಬಾಳುವುದು ಬೇರೆ, ಅರಿಯದೆ ಕೊರಗುವುದು ಬೇರೆ. ಕಾರಣ ತಿಳಿಯುವ ಹಕ್ಕು ಪ್ರತಿ ಮನೆಗೂ ಇದೆ. ಅತ್ತೆಯಾದವಳು ಸೊಸೆಯನ್ನು ಕೇಳುವ ಮೊದಲು ಮಗನನ್ನು ಕೇಳಲಿ. ಗೆಳೆಯರಾದವರು ಕಟ್ಟೆಯ ಮೇಲೆ ನಗುವುದನ್ನು ಬಿಟ್ಟು "ಪರೀಕ್ಷೆ ಮಾಡಿಸಿದೆಯೇನೋ ತಮ್ಮಾ?" ಎಂದು ಕೇಳಲಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿರಿ. ವರ್ಷ ತುಂಬಿತೆಂದರೆ, ಮುಂದಿನ ಸಂತೆಯ ದಿನ ಗಂಡಹೆಂಡಿರು ಒಂದೇ ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲಿರಿ. ಅಲ್ಲಿ ಪರೀಕ್ಷೆಯ ಸೌಕರ್ಯ ಇಲ್ಲವೆಂದು ಹೇಳಿದರೆ, ಏಕಿಲ್ಲ ಎಂದು ಇಬ್ಬರೂ ಕೂಡಿಯೇ ಕೇಳಿರಿ.